ಮರಳುಕೋಡಿಯ ಕರಿ ಚಂದ್ರ

ಮರಳುಕೋಡಿಯ ಅಳಿವೆಯಲ್ಲಿ ಅಲೆ ನೋಡುವ ಕೆಲಸ ಮನುಷ್ಯರ ಕೈಬಿಟ್ಟು ಯಂತ್ರಕ್ಕೆ ಹೋಗಿ ಆಗ ಮೂರು ವರ್ಷವಾಗಿತ್ತು.

ಹೊಳೆ ಕಡಲು ಸೇರುವ ಆ ಬಾಯಿಯಲ್ಲಿ ನೀರಿನಡಿ ಮರಳಿನ ದೊಡ್ಡ ದಿಬ್ಬವಿದೆ. ಹೊರಗೆ ಕಡಲು ತೆಪ್ಪಗೆ ಮಲಗಿದ್ದರೂ ದಿಬ್ಬದ ಮೇಲೆ ಅಲೆ ಇದ್ದಕ್ಕಿದ್ದಂತೆ ಎದ್ದು ಒಡೆಯುತ್ತದೆ. ಒಳಗೆ ಬರುವ ದೋಣಿಗೆ ಇದರಷ್ಟು ಅಪಾಯದ ಜಾಗ ಬೇರೊಂದಿಲ್ಲ. ಹಿಂದೆಲ್ಲ ದಡದಲ್ಲಿ ಒಬ್ಬ ಹಿರಿಯ ನಿಂತು ಅಲೆ ಎಣಿಸುತ್ತಿದ್ದ. ಅವನು ಬಿಳಿ ಬಟ್ಟೆ ಬೀಸಿದ ಮೇಲೆ ದೋಣಿಗಳು ಒಂದೊಂದಾಗಿ ಒಳಗೆ ಬರುತ್ತಿದ್ದವು. ಕಡಲಿನ ನಡತೆ ಬದಲಾಗಿ, ಹಿರಿಯರ ಎಣಿಕೆ ಮೇಲಿಂದ ಮೇಲೆ ತಪ್ಪತೊಡಗಿದಾಗ ಸರಕಾರ ಅಳಿವೆ ರಕ್ಷಣಾ ಮಂಡಳಿ ಎಂಬುದನ್ನು ಕಟ್ಟಿತು. ಮಂಡಳಿ ಕಡಲ ತಳದಲ್ಲಿ ಸಂವೇದಕಗಳನ್ನು ಹೂಳಿಸಿತು. ಅವು ದೂರದಲ್ಲೇ ಅಲೆಯನ್ನು ಗುರುತಿಸಿ, ಮುಂದಿನ ಹನ್ನೆರಡು ನಿಮಿಷ ಅಳಿವೆ ಹೇಗಿರುತ್ತದೆಂದು ಗುಡ್ಡದ ಮೇಲಿನ ನಿಯಂತ್ರಣ ಕೊಠಡಿಗೆ ತಿಳಿಸುತ್ತಿದ್ದವು. ಕೊಠಡಿಯಿಂದ ಆ ಸುದ್ದಿ, ಕಡಲೊಳಕ್ಕೆ ಚಾಚಿದ ತಡೆಗೋಡೆಯ ತುದಿಯ ಗೋಪುರದ ಮೇಲಿದ್ದ ಫಲಕಕ್ಕೆ ಹೋಗುತ್ತಿತ್ತು.

ಫಲಕ ಎರಡಾಳು ಎತ್ತರದ್ದು. ಬಣ್ಣ ತೋರಿಸುವ ಗಾಜು ಬೆಳಕಿನ ಮುಕ್ಕಾಲು ಪಾಲನ್ನು ನುಂಗುವುದರಿಂದ ಅದನ್ನು ಹಾಕಿರಲಿಲ್ಲ. ನಡುಹಗಲ ಬಿಸಿಲಲ್ಲೂ ಎರಡು ಮೈಲಿ ದೂರಕ್ಕೆ ಕಾಣಬೇಕಾದರೆ ಕಪ್ಪು ಬಿಳುಪೇ ಸರಿ ಎಂದು ಮೀನುಗಾರರ ಸಂಘವೂ ಒಪ್ಪಿತ್ತು. ಕಪ್ಪು ನೆಲದಲ್ಲಿ ಬಿಳಿ ವೃತ್ತ ಕಂಡರೆ ಒಳಗೆ ಬರಬಹುದು. ಬಿಳಿ ನೆಲದಲ್ಲಿ ಕಪ್ಪು ವೃತ್ತ ಕಂಡರೆ ನಿಲ್ಲಬೇಕು. ಊರವರು ಅವನ್ನು ಬಿಳಿ ಚಂದ್ರ, ಕರಿ ಚಂದ್ರ ಎಂದು ಕರೆದರು. ಕರಿ ಚಂದ್ರ ಇರುವಾಗ ಅಳಿವೆ ದಾಟಿದವನ ಪರವಾನಗಿ ರದ್ದಾಗುತ್ತಿತ್ತು.

ಆ ಫಲಕದ ಎಲೆಕ್ಟ್ರೋಡುಗಳನ್ನು ರೂಪಿಸಿದವಳು ಮರಳುಕೋಡಿಯದೇ ಹುಡುಗಿ, ಸುಗುಣ ಮೊಗವೀರ. ಮೈಸೂರಿನ ಹೊರವಲಯದ ಒಂದು ಕಂಪನಿಯಲ್ಲಿ ಅವಳು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಳು. ಮೊದಲ ಫಲಕ ತನ್ನೂರಿನಲ್ಲೇ ನಿಲ್ಲಲಿ ಎಂದು ಓಡಾಡಿದವಳೂ ಅವಳೇ. ಗೋಪುರದ ಮೇಲೆ ಮೊದಲ ಬಾರಿ ಬಿಳಿ ಚಂದ್ರ ಮೂಡಿದ ದಿನ ಅವಳ ಅಣ್ಣ ಶೀನ, ದೋಣಿಯಲ್ಲಿ ಎದ್ದುನಿಂತು, ಸುತ್ತಲಿನ ದೋಣಿಯವರಿಗೆಲ್ಲ ಕೇಳುವಂತೆ "ಅದ್ ನಮ್ಮ ಸುಗುಣ ಮಾಡಿದ್ದ್ ಕಾಣಿ!" ಎಂದು ಕೂಗಿದ್ದ.

ಅವಳ ಕೆಲಸ ಹೊರಗಿನವರಿಗೆ ಹೇಳುವುದು ಕಷ್ಟ. ಎರಡು ಗಾಜಿನ ಹಾಳೆ. ನಡುವೆ ಕೂದಲಿಗಿಂತ ತೆಳ್ಳಗೆ ದ್ರವಸ್ಫಟಿಕ. ಹಿಂದಿನ ಗಾಜಿನ ಮೇಲೆ ಅಡ್ಡ ಉದ್ದ ಹಾಯ್ದ ತಂತಿಗಳು. ಅವು ಕೂಡುವಲ್ಲೆಲ್ಲ ಒಂದು ಟ್ರಾನ್ಸಿಸ್ಟರ್, ಅದರ ಪಕ್ಕದಲ್ಲಿ ಒಂದು ಪಾರದರ್ಶಕ ಎಲೆಕ್ಟ್ರೋಡ್. ವೋಲ್ಟೇಜು ಇಲ್ಲದಾಗ ದ್ರವಸ್ಫಟಿಕದ ಅಣುಗಳು ನೆಟ್ಟಗೆ ನಿಂತಿರುತ್ತವೆ, ಬೆಳಕು ಹಾಯುವುದಿಲ್ಲ, ಅಲ್ಲಿ ಕಪ್ಪು. ವೋಲ್ಟೇಜು ಕೊಟ್ಟರೆ ಅವು ಒರಗುತ್ತವೆ, ಬೆಳಕು ಹಾಯುತ್ತದೆ, ಅಲ್ಲಿ ಬಿಳುಪು. ಯಾವ ಕಡೆಗೆ ಒರಗಬೇಕು ಎಂಬುದನ್ನು ತೀರ್ಮಾನಿಸುವುದು ಎಲೆಕ್ಟ್ರೋಡಿನಲ್ಲಿ ಕೊರೆದ ಸಣ್ಣ ಸಣ್ಣ ಸೀಳುಗಳು.

ಸುಗುಣ ಮೊದಲು ಬರೆದ ನಕ್ಷೆಯಲ್ಲಿ ಸೀಳುಗಳು ಮೊಣಕೈಯಂತೆ ನಡುವೆ ಬಾಗಿದ್ದವು. ಹಾಗಿದ್ದರೆ ಅರ್ಧ ಅಣುಗಳು ಮೇಲ್ಮುಖವಾಗಿ, ಅರ್ಧ ಕೆಳಮುಖವಾಗಿ ಒರಗುತ್ತವೆ. ಎಲ್ಲಿ ನಿಂತು ನೋಡಿದರೂ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಆದರೆ ಬಾಗಿದ ಜಾಗದಲ್ಲೆಲ್ಲ ಒಂದು ಕಪ್ಪು ಗೆರೆ ಉಳಿದು, ಬೆಳಕಿನ ಐದನೇ ಒಂದು ಪಾಲು ನಷ್ಟವಾಗುತ್ತಿತ್ತು. ಮಂಡಳಿ ಕೇಳಿದ ಪ್ರಕಾಶಕ್ಕೆ ಅಷ್ಟೇ ಕಡಿಮೆ ಬಿದ್ದಿತು.

"ಗೋಪುರದ ಮೇಲಿರೋ ಹಲಗೆ ಸುಗುಣ. ಯಾರೂ ಸೋಫಾದಲ್ಲಿ ಓರೆಯಾಗಿ ಕೂತು ಟೀವಿ ನೋಡಲ್ಲ," ಎಂದಿದ್ದರು ವಿಭಾಗದ ಮುಖ್ಯಸ್ಥ ವಿದ್ಯಾಶಂಕರ್. "ದೂರದಿಂದ ನೇರ ನೋಡ್ತಾರೆ. ಸೀಳು ನೆಟ್ಟಗೆ ಮಾಡಿಬಿಡಿ."

ಮಾತು ಸರಿಯೆನಿಸಿ ಅವಳು ಸೀಳುಗಳನ್ನು ನೆಟ್ಟಗೆ ಮಾಡಿದಳು. ಅಣುಗಳೆಲ್ಲ ಒಂದೇ ದಿಕ್ಕಿಗೆ, ಕೆಳಗಿನ ಕಡೆಗೆ ಒರಗಿದವು. ಎಡದಿಂದ, ಬಲದಿಂದ, ಮೇಲಿಂದ ಎಂಬತ್ತು ಡಿಗ್ರಿಯವರೆಗೆ ಅಳತೆ ಮಾಡಿದರು. ಕೆಳಗಿನಿಂದ ಮೂವತ್ತು ಡಿಗ್ರಿಯವರೆಗೆ ಮಾತ್ರ. ಅದಕ್ಕಿಂತ ಕೆಳಗೆ ಅಳತೆಯ ಮೇಜು ಅಡ್ಡ ಬರುತ್ತಿತ್ತು, ಆ ಅಂಕಿಯನ್ನು ಯಾರೂ ಕೇಳಿರಲೂ ಇಲ್ಲ.

ಎರಡು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಒಂದು ದೂರು ಬಂತು. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಎಲೆಕ್ಟ್ರೋಡಿನ ಅಂಚಿನಲ್ಲಿ ವಿದ್ಯುದಂಶ ಸಿಕ್ಕಿಕೊಂಡು, ಚಿತ್ರ ಬದಲಾದ ಮೇಲೂ ಹಳೆಯದರ ಕಲೆ ಉಳಿಯುತ್ತಿತ್ತು. ಫಲಕ ಬಿಸಿಲಿಗೆ ಕಾದಷ್ಟೂ ಕಲೆ ಹೆಚ್ಚು. ಅದಕ್ಕೆ ಸುಗುಣ ಒಂದು ಪರಿಹಾರ ಹುಡುಕಿದಳು. ಫಲಕದ ಬಿಸಿ ಐವತ್ತೈದು ಡಿಗ್ರಿ ದಾಟಿದ ಕೂಡಲೇ ವೋಲ್ಟೇಜು ತಾನಾಗಿ ಅರ್ಧಕ್ಕೆ ಇಳಿಯುವಂತೆ ಮಾಡಿದಳು. ಎದುರಿನಿಂದ ನೋಡಿದರೆ ಬಿಳುಪು ತುಸು ಮಂಕಾಗುತ್ತಿತ್ತು, ಅಷ್ಟೆ. ಏಪ್ರಿಲ್ ಕೊನೆಯಲ್ಲಿ ಆ ಬದಲಾವಣೆಯನ್ನು ಮರಳುಕೋಡಿಯ ಫಲಕಕ್ಕೆ ಕಳಿಸಿದರು.

ಮೇ ಇಪ್ಪತ್ತಾರರಂದು ಉದಯ ಸತ್ತ.

ಉದಯನೆಂದರೆ ಶೀನನ ಹೆಂಡತಿ ಗಿರಿಜಳ ತಮ್ಮ. ಇಪ್ಪತ್ತಾರು ವರ್ಷ. ಶೀನನ ಎಂಜಿನ್ ಕಟ್ಟಿದ ಸಣ್ಣ ನಾಡದೋಣಿಯಲ್ಲಿ ಭಾವನ ಜೊತೆ ಮೀನಿಗೆ ಹೋಗುತ್ತಿದ್ದ. ಆ ದಿನ ಆಕಾಶ ಶುಭ್ರವಾಗಿತ್ತು. ಎಲ್ಲೋ ದೂರದ ಕಡಲಲ್ಲಿ ಎದ್ದ ಗಾಳಿಯ ಅಲೆ ಮಾತ್ರ ಅಳಿವೆಯವರೆಗೆ ಬಂದು ಒಡೆಯುತ್ತಿತ್ತು. ಒಂದು ಗಂಟೆಗೆ ಫಲಕದಲ್ಲಿ ಕರಿ ಚಂದ್ರ ಬಂತು. ವಾಪಸಾಗುತ್ತಿದ್ದ ಮಾಧವ ತಂಡೇಲನ ದೋಣಿಯೂ ಇನ್ನೊಂದೂ ಅರ್ಧ ಮೈಲಿ ಹೊರಗೇ ಲಂಗರು ಹಾಕಿದವು. ಶೀನನ ದೋಣಿ ಚಿಕ್ಕದು, ತೆರೆಗೆ ಹೊಯ್ದಾಡುತ್ತಿತ್ತು. ಅವನು ಅದನ್ನು ತಡೆಗೋಡೆಯ ಮರೆಗೆ, ಗೋಪುರದ ಬುಡಕ್ಕೇ ತಂದು ನಿಲ್ಲಿಸಿಕೊಂಡು ಕಾದ.

ಎರಡೂ ಕಾಲಿಗೆ ಉದಯ ಕೂಗಿದ. "ಭಾವ, ಬಿಳಿ ಆಯ್ತ್! ಹೋಪ!"

ಶೀನ ಕತ್ತೆತ್ತಿ ನೋಡಿದ. ಕಪ್ಪು ನೆಲದಲ್ಲಿ ಬಿಳಿ ಚಂದ್ರ. ಎಂಜಿನ್ ಎಳೆದು ದೋಣಿಯನ್ನು ಅಳಿವೆಗೆ ತಿರುಗಿಸಿದ. ಎರಡು ಅಲೆ ದಾಟಿದರು. ಮೂರನೆಯದು ಹಿಂದಿನಿಂದ ಎತ್ತಿ ದೋಣಿಯನ್ನು ಮಗುಚಿತು. ಶೀನನನ್ನು ನೀರು ಬಡಗಣ ದಡಕ್ಕೆ ಎಸೆಯಿತು. ಉದಯನ ಹೆಣ ಸಿಕ್ಕಿದ್ದು ಮರುದಿನ ಸಂಜೆ.

ಸುಗುಣ ಬಂದಾಗ ಶೀನ ಚಾವಡಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಒಳಗೆ ಗಿರಿಜ, ಅವಳ ತಾಯಿ ದುಗ್ಗಮ್ಮ, ನೆಂಟರ ಹೆಂಗಸರು. ತಂಗಿಯನ್ನು ಕಂಡು ಅವನು ಕೈ ಹಿಡಿದುಕೊಂಡ.

"ಬಿಳಿ ಚಂದ್ರ ಇದ್ದಿತ್ ಹೆಣೆ. ನಾನ್ ಅದ್ರ ಬುಡದಗೇ ಇದ್ದೆ. ಕರಿ ಇದ್ದದ್ ಬಿಳಿ ಆದ್ದ್ ನನ್ ಕಣ್ಣಾರೆ ಕಂಡೆ. ಉದಯನೂ ಕಂಡ."

"ಆಯ್ತ್ ಅಣ್ಣಯ್ಯ. ನಾನ್ ಕಾಂತೆ," ಎಂದಳು ಸುಗುಣ.

ಅವಳು ಗುಡ್ಡ ಹತ್ತಿ ನಿಯಂತ್ರಣ ಕೊಠಡಿಗೆ ಹೋದಳು. ಅಲ್ಲಿನ ದಿನಕರ ದಾಖಲೆ ತೆಗೆದು ತೋರಿಸಿದ. ಒಂದು ಗಂಟೆಯಿಂದ ನಾಲ್ಕರವರೆಗೆ ಒಂದೇ ಸಂಕೇತ: ನಿಲ್ಲಿ. ಗುಡ್ಡದ ಕ್ಯಾಮೆರಾ ಫಲಕವನ್ನು ಮೇಲಿನಿಂದ ಸದಾ ಚಿತ್ರೀಕರಿಸುತ್ತಿತ್ತು. ಅದರಲ್ಲೂ ಕರಿ ಚಂದ್ರ ಒಂದು ಕ್ಷಣವೂ ಅಲುಗಿರಲಿಲ್ಲ. ಪ್ರತಿ ಪಿಕ್ಸೆಲಿನ ಟ್ರಾನ್ಸಿಸ್ಟರು ತನಗೆ ಬಂದ ವೋಲ್ಟೇಜನ್ನು ವರದಿ ಮಾಡಿತ್ತು. ತಪ್ಪು ಎಲ್ಲೂ ಇರಲಿಲ್ಲ. ಸುಗುಣ ನಾಲ್ಕು ಸಲ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಸುಮ್ಮನೆ ಕಡಲನ್ನು ನೋಡಿದಳು. ಮನುಷ್ಯ ಹೆದರಿಕೆಯಲ್ಲಿ, ಆಸೆಯಲ್ಲಿ ಏನೇನೋ ಕಾಣುತ್ತಾನೆ ಎಂದುಕೊಂಡಳು. ಅಣ್ಣ ಸುಳ್ಳು ಹೇಳುವವನಲ್ಲ. ಆದರೆ ಅವನು ಕಂಡದ್ದು ಅಲ್ಲಿರಲಿಲ್ಲ.

ಜುಲೈಯಲ್ಲಿ ಬಂದರು ಕಚೇರಿಯ ಹಜಾರದಲ್ಲಿ ವಿಚಾರಣೆ ನಡೆಯಿತು. ಮಾಧವ ತಂಡೇಲ ಹೇಳಿಕೆ ಕೊಟ್ಟ. ಅವನು ಶೀನನ ಜೊತೆ ಆಡಿ ಬೆಳೆದವನು. ಹೇಳುವಾಗ ನೆಲ ನೋಡುತ್ತಿದ್ದ. "ಕರಿ ಚಂದ್ರವೇ ಇದ್ದಿತ್. ನಾವ್ ಹೊರಗೆ ಕಾಯ್ತಾ ಇದ್ದೊ. ಅವ ಎಂತಕ್ ಹೊರಟ ಅಂದೇಳಿ ನಮ್ಗ್ ಗೊತ್ತಾಯ್ಲಿಲ್ಲ."

ತಜ್ಞೆಯಾಗಿ ಮಂಡಳಿ ಸುಗುಣಳನ್ನೇ ಕರೆದಿತ್ತು. ಆರೋಪಿ ನಿಮಗೆ ಬಂಧುವಲ್ಲವೇ, ಹಿಂದೆ ಸರಿಯಬಹುದು ಎಂದು ಅಧಿಕಾರಿ ಹೇಳಿದರು. ಅವಳು ಒಪ್ಪಲಿಲ್ಲ. ತಾನು ಹಿಂದೆ ಸರಿದರೆ ಫಲಕದಲ್ಲಿ ಏನೋ ಹುಳುಕಿದೆ ಎಂದು ಇಡೀ ಕರಾವಳಿ ಅನುಮಾನಿಸುತ್ತದೆ, ಅನುಮಾನದಿಂದ ಇನ್ನಷ್ಟು ಜನ ಸಾಯುತ್ತಾರೆ ಎಂದು ಅವಳು ಪ್ರಾಮಾಣಿಕವಾಗಿಯೇ ನಂಬಿದ್ದಳು.

"ಫಲಕ ಸ್ವಲ್ಪ ಹೊತ್ತಿಗಾದರೂ ಉಲ್ಟಾ ಸಂಕೇತ ತೋರಿಸಿರುವ ಸಾಧ್ಯತೆ ಇದೆಯೇ?"

"ಇಲ್ಲ."

"ಖಚಿತವಾಗಿ?"

"ಖಚಿತವಾಗಿ."

ಶೀನ ಬೆಂಚಿನ ತುದಿಯಲ್ಲಿ ಕೂತು ತಂಗಿಯ ಮುಖವನ್ನೇ ನೋಡುತ್ತಿದ್ದ. ಪರವಾನಗಿ ರದ್ದಾಯಿತು. ಸಂಕೇತ ಉಲ್ಲಂಘಿಸಿ ಅಳಿವೆ ದಾಟಿದ್ದರಿಂದ ಸಾವು ಸಂಭವಿಸಿದೆ ಎಂದು ಬರೆದರು. ಹೊರಗೆ ಮೆಟ್ಟಿಲಲ್ಲಿ ಸುಗುಣ ಅವನ ಹತ್ತಿರ ಹೋದಳು. ಅವನೇ ಮೊದಲು ಮಾತಾಡಿದ.

"ನೀನ್ ಹೇಳಿದ್ ಮೇಲೆ ಹಾಂಗೇ ಇರ್ಕ್. ನನ್ ಕಣ್ಣೇ ಸಮ ಇಲ್ಲೆ ಕಾಣತ್ತ್."

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವನು ಹಾಗೆಂದೇ ನಂಬಿದ.

ಮುಂದಿನ ತಿಂಗಳುಗಳಲ್ಲಿ ಸುಗುಣ ಊರಿಗೆ ಬಂದದ್ದು ಎರಡೇ ಸಲ. ಎರಡು ಸಲವೂ ಆ ಮನೆಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ಕೂರಲಾಗಲಿಲ್ಲ. ಗಿರಿಜ ಗಂಡನ ಜೊತೆ ಮಾತು ಬಿಟ್ಟಿದ್ದಳು. ತಟ್ಟೆಗೆ ಅನ್ನ ಬಡಿಸಿಟ್ಟು ಒಳಗೆ ಹೋಗುತ್ತಿದ್ದಳು. ಅವನು ತಿಂದು ತಟ್ಟೆ ತೊಳೆದಿಡುತ್ತಿದ್ದ. ಜಗಳ ಇರಲಿಲ್ಲ, ಬೈಗುಳ ಇರಲಿಲ್ಲ. ಶೀನ ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಒಡೆದು ಕ್ರೇಟಿಗೆ ತುಂಬುವ ಕೆಲಸಕ್ಕೆ ಸೇರಿದ್ದ. ಕುಂದಾಪುರದ ಕಣ್ಣಿನ ಡಾಕ್ಟರಿಗೆ ಮೂರು ಸಲ ತೋರಿಸಿದ್ದ. ಏನೂ ತೊಂದರೆಯಿಲ್ಲ ಎಂದರೂ ಅವನಿಗೆ ಸಮಾಧಾನವಿಲ್ಲ. ಯಾವುದನ್ನು ಕಂಡರೂ ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ಹತ್ತಿತ್ತು. ಸುಗುಣಳನ್ನು ಬಸ್ಸಿಗೆ ಬಿಡಲು ಬಂದಾಗ ರಸ್ತೆಯಂಚಿನಲ್ಲಿ ನಿಂತು, ಎದುರಿಗೆ ಬರುತ್ತಿದ್ದ ಲಾರಿ ತೋರಿಸಿ ಕೇಳಿದ: "ಅದ್ ಲಾರಿ ಅಲ್ದಾ? ನಿಂತಿತ್ತಾ, ಬತ್ತಾ ಇತ್ತಾ?"

ನಲವತ್ತೆಂಟು ವರ್ಷದ, ಕತ್ತಲಲ್ಲಿ ನಕ್ಷತ್ರ ನೋಡಿ ದೋಣಿ ನಡೆಸಿದ್ದ ಮನುಷ್ಯ. ಸುಗುಣ "ಬತ್ತಾ ಇತ್ತ್ ಅಣ್ಣಯ್ಯ" ಎಂದು ಅವನ ತೋಳು ಹಿಡಿದು ನಿಂತಳು.

ಫೆಬ್ರವರಿಯಲ್ಲಿ ಕಂಪನಿಗೆ ಇನ್ನೂ ನಲವತ್ತು ಫಲಕಗಳ ಆದೇಶ ಬಂತು, ನಲವತ್ತು ಅಳಿವೆಗಳಿಗೆ. ಪ್ರಯೋಗಾಲಯದ ಶಾಖದ ಕೋಣೆಯಲ್ಲಿ ಮೊದಲನೆಯದನ್ನು ಎತ್ತರದ ಚೌಕಟ್ಟಿಗೆ ಏರಿಸಿ ಕಾಯಿಸತೊಡಗಿದರು. ಚೌಕಟ್ಟಿನ ಕೆಳಗೆ ಫರ್ಹಾನಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೇಬಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಇಪ್ಪತ್ತು ವರ್ಷದಿಂದ ಅಳತೆಯ ವಿಭಾಗದಲ್ಲಿದ್ದ ತಂತ್ರಜ್ಞೆ. ಸುಗುಣ ಕೋಣೆಯ ಆಚೆ ಬದಿಯಲ್ಲಿ ನಿಂತು ಫಲಕದ ಬಿಸಿಯ ಅಂಕಿ ಬರೆದುಕೊಳ್ಳುತ್ತಿದ್ದಳು. ಐವತ್ತಮೂರು. ಐವತ್ತನಾಲ್ಕು. ಐವತ್ತೈದು.

"ಮೇಡಂ, ಚಿತ್ರ ಬದಲಾಯಿಸಿದ್ರಾ?"

"ಇಲ್ವಲ್ಲ. ಕರಿ ಚಂದ್ರನೇ ಇದೆ."

"ಈಗ ಬಿಳೀದು ಬಂತಲ್ಲ."

"ಎಲ್ಲಿ ಫರ್ಹಾನಾ? ನನಗೆ ಕರೀದೇ ಕಾಣ್ತಿದೆ."

"ಇಲ್ಲಿ ಬಂದು ಕೂತ್ಕೊಳ್ಳಿ ಮೇಡಂ."

ಸುಗುಣ ಪುಸ್ತಕ ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೆ ಕೂತು ಕತ್ತೆತ್ತಿದಳು. ಕಪ್ಪು ನೆಲದಲ್ಲಿ ಬಿಳಿ ಚಂದ್ರ.

ಎದ್ದು ನಿಂತಳು. ಕರಿ ಚಂದ್ರ. ಕೂತಳು. ಬಿಳಿ. ಕಾರಣ ತಿಳಿಯಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ವೋಲ್ಟೇಜು ಅರ್ಧಕ್ಕೆ ಇಳಿದಿತ್ತು. ಅಣುಗಳು ಅರ್ಧ ಒರಗಿದ್ದವು, ಎಲ್ಲವೂ ಒಂದೇ ಕಡೆಗೆ, ಕೆಳಗೆ. ಕೆಳಗೆ ಕೂತವರ ಕಣ್ಣಿಗೆ ಅವು ಉದ್ದುದ್ದಕ್ಕೆ ಸಿಗುತ್ತಿದ್ದವು, ಅಲ್ಲಿಂದ ಬೆಳಕು ಬರುತ್ತಿರಲಿಲ್ಲ. ನೆಟ್ಟಗೆ ನಿಂತ ಕಪ್ಪು ಭಾಗದ ಅಣುಗಳ ಮೂಲಕ ಆ ಓರೆಗೆ ಬೆಳಕು ಸೋರುತ್ತಿತ್ತು. ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಕಾಣುತ್ತಿತ್ತು. ಸೀಳು ಬಾಗಿದ್ದರೆ ಇದು ಆಗುತ್ತಿರಲಿಲ್ಲ.

"ನಾನ್ ಅದ್ರ ಬುಡದಗೇ ಇದ್ದೆ" ಎಂದಿದ್ದ ಅಣ್ಣ. ಅವಳು ಅದನ್ನು ಕೇಳಿಸಿಕೊಂಡಿದ್ದಳು. ಯೋಚಿಸಿರಲಿಲ್ಲ.

"ನೀರು ಕುಡೀರಿ ಮೇಡಂ," ಫರ್ಹಾನಾ ಬಾಟಲಿ ಚಾಚಿದಳು. ಸುಗುಣ ಅಲ್ಲೇ ನೆಲದ ಮೇಲೆ ಮೊಣಕಾಲಿಗೆ ಹಣೆ ಒತ್ತಿ ಕೂತುಬಿಟ್ಟಿದ್ದಳು.

ವಿದ್ಯಾಶಂಕರ್ ಬಂದು ನೋಡಿದರು. ಅವರೂ ನೆಲದ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಕೆಟ್ಟ ಮನುಷ್ಯರಲ್ಲ. ಆದರೂ ಬಾಗಿಲು ಹಾಕಿ ಅವರು ಹೇಳಿದ್ದು ಇಷ್ಟು:

"ನೋಡಿ ಸುಗುಣ, ವೋಲ್ಟೇಜು ಇಳಿಸೋ ಆ ಸಾಲನ್ನು ತೆಗೆದುಹಾಕೋಣ. ಶುಕ್ರವಾರ ಎಲ್ಲ ಫಲಕಕ್ಕೂ ಹೊಸ ಸಾಫ್ಟ್‌ವೇರ್ ಹೋಗಲಿ. ಅಪಾಯ ಅಲ್ಲಿಗೆ ಮುಗೀತು. ಹೊಸದಕ್ಕೆ ಬಾಗಿದ ಸೀಳು ಹಾಕೋಣ. ಹಳೇದನ್ನ ಕೆದಕಿ ಯಾರಿಗೆ ಏನು ಬರತ್ತೆ?"

"ಶುಕ್ರವಾರ ಆದಮೇಲೆ ಮರಳುಕೋಡಿ ಫಲಕ ಯಾವತ್ತೂ ತಿರುಗಿ ಕಾಣಲ್ಲ ಸರ್."

"ಅದೇ ತಾನೇ ಬೇಕಾಗಿರೋದು?"

"ನಮ್ಮಣ್ಣ ಹೇಳಿದ್ದು ನಿಜ ಅಂತ ತೋರಿಸೋಕೆ ಆಮೇಲೆ ಅಲ್ಲಿ ಏನೂ ಉಳಿಯಲ್ಲ."

ಅವರು, "ನೀವು ವಿಚಾರಣೆಯಲ್ಲಿ ಹೇಳಿಕೆ ಕೊಟ್ಟಿದ್ದೀರಿ. ಅದು ನಿಮ್ಮ ಹೆಸರಲ್ಲಿದೆ," ಎಂದರು.

"ಹೌದು ಸರ್," ಎಂದಳು ಸುಗುಣ. "ಅದಕ್ಕೇ ಹೋಗ್ತಿದ್ದೀನಿ." ಅದು ಮಂಗಳವಾರ.

ಬುಧವಾರ ಮಧ್ಯಾಹ್ನ ಅವಳು ಮರಳುಕೋಡಿಯ ದೋಣಿಗಳು ತಂಗುವ ದಕ್ಕೆಯಲ್ಲಿ ಮಾಧವ ತಂಡೇಲನನ್ನು ಹುಡುಕಿ, ದೋಣಿ ಬೇಕು ಎಂದಳು. ಮನೆಗೆ ಹೋಗಿ ಗಿರಿಜಳನ್ನೂ ಕರೆದಳು. ಗಿರಿಜ ಮೊದಲು ಒಪ್ಪಲಿಲ್ಲ.

"ಆ ಜಾಗಕ್ಕೆ ನಾನ್ ಬತ್ತಿಲ್ಲೆ. ನಂಗೆಂತ ತೋರಿಸ್ತೆ ಅಲ್ಲ್?"

"ಅತ್ತಿಗೆ, ನಾನ್ ಹೇಳಿರೆ ನೀವ್ ನಂಬುದ್ ಬ್ಯಾಡ. ನಾನ್ ಹೇಳಿದ್ ನಂಬಿಯೇ ಇಷ್ಟೆಲ್ಲ ಆದ್ದ್. ನಿಮ್ಮ ಕಣ್ಣಗೇ ಕಾಣಿ."

ಫೆಬ್ರವರಿಯ ಕಡಲು ಕೆರೆಯ ಹಾಗಿತ್ತು. ಫಲಕದಲ್ಲಿ ಬಿಳಿ ಚಂದ್ರ. ಮಾಧವ ದೋಣಿಯನ್ನು ಗೋಪುರದ ಬುಡದ ಕಲ್ಲುಗಳ ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಿದ. ಸುಗುಣ ಗುಡ್ಡದ ಮೇಲಿನ ದಿನಕರನಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟಳು. ಬಿಸಿಲು ನೆತ್ತಿ ಸುಡುತ್ತಿತ್ತು. ಗಿರಿಜ ನೀರನ್ನೇ ನೋಡುತ್ತ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಫಲಕದ ಬಿಸಿ ಐವತ್ತನಾಲ್ಕು ಮೇಡಂ," ಎಂದ ದಿನಕರ ಫೋನಿನಲ್ಲಿ. ಸ್ವಲ್ಪ ಹೊತ್ತು ಬಿಟ್ಟು, "ಐವತ್ತೈದು."

ಮೂವರೂ ಕತ್ತೆತ್ತಿದರು. ಅವರು ನೋಡನೋಡುತ್ತಿದ್ದಂತೆ ಚಂದ್ರ ಮಂಕಾಯಿತು, ಸುತ್ತಲಿನ ಕಪ್ಪು ಬೆಳ್ಳಗಾಯಿತು. ಬಿಳಿ ನೆಲದಲ್ಲಿ ಕರಿ ಚಂದ್ರ ನಿಂತಿತು.

"ದಿನಕರ, ಸಂಕೇತ ಬದಲಾಯಿಸಿದ್ರಾ?"

"ಇಲ್ಲ ಮೇಡಂ. ಬಿಳಿ ಚಂದ್ರನೇ ಉಂಟು. ಕ್ಯಾಮೆರಾದಲ್ಲೂ ಬಿಳಿಯೇ ಕಾಣ್ತಾ ಉಂಟು."

ಮಾಧವ ಚುಕ್ಕಾಣಿ ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಯ್ಯೋ ದೇವ್ರೇ. ನಾನ್ ಅವ್ನ್ ಮೇಲೆ ಸಾಕ್ಷಿ ಹೇಳ್ದೆ."

ಫೋನಿನಲ್ಲಿ ದಿನಕರ ಮೆಲ್ಲಗೆ ಹೇಳಿದ: "ಮೇ ತಿಂಗಳ ಮೊದಲಿಗೇ ಒಬ್ಬರು ಬಂದು ಹೇಳಿದ್ರು ಮೇಡಂ, ಗೋಪುರದ ಅಡಿಗೆ ಬಂದ್ರೆ ಚಂದ್ರ ತಿರುಗ್ತದೆ ಅಂತ. ಬಿಸಿಲಿನ ಝಳ ಅಂದು ನಾನು ಬರ್ಕೊಳ್ಳಲಿಲ್ಲ."

ಗಿರಿಜ ಇನ್ನೂ ಮೇಲೆಯೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿಳಿದು ಕತ್ತಿನವರೆಗೆ ಹರಿದರೂ ಒರೆಸಿಕೊಳ್ಳಲಿಲ್ಲ. "ದೋಣಿ ತಿರ್ಗ್ಸಿ," ಎಂದಳು.

ದಕ್ಕೆಯಲ್ಲಿ ಇಳಿದವಳೇ ಯಾರಿಗೂ ಕಾಯದೆ ಐಸ್ ಫ್ಯಾಕ್ಟರಿಯ ಕಡೆ ನಡೆದಳು. ಸುಗುಣ ಹಿಂದೆ ಓಡಬೇಕಾಯಿತು. ಶೀನ ರಬ್ಬರ್ ಬೂಟು ಹಾಕಿಕೊಂಡು ಕ್ರೇಟು ಎತ್ತುತ್ತಿದ್ದ. ಎದುರಿಗೆ ಹೆಂಡತಿಯನ್ನು ಕಂಡು ಗಾಬರಿಯಾಗಿ ನಿಂತ. ಅವಳು ಒಂಬತ್ತು ತಿಂಗಳ ಮೇಲೆ ಅವನ ಜೊತೆ ಮಾತಾಡಿದಳು.

"ನೀವ್ ಕಂಡದ್ ಸಮ."

"ಎಂತ?"

"ಆವತ್ತ್ ನೀವ್ ಕಂಡದ್ ಸಮ. ನಾನೂ ಕಂಡೆ. ಈಗ ಕಂಡ್ಕಂಡೇ ಬಂದೆ." ಅಷ್ಟು ಹೇಳಿ ಅವನ ಅಂಗಿಯ ತೋಳನ್ನು ಹಿಡಿದು ಬಿಕ್ಕಿದಳು.

ಸುಗುಣ ಎಲ್ಲವನ್ನೂ ಹೇಳಿದಳು. ಸೀಳಿನ ವಿಷಯ, ವೋಲ್ಟೇಜಿನ ವಿಷಯ, ಅಳತೆಯ ಮೇಜು ಅಡ್ಡ ಬಂದದ್ದು. ಅವನಿಗೆ ಎಷ್ಟು ತಿಳಿಯಿತೋ. ಕ್ರೇಟಿನ ಮೇಲೆ ಕೂತು ಕೇಳಿದ. ಕೆಳಗೆ ಕರಗಿದ ಮಂಜಿನ ನೀರು ಹರಿಯುತ್ತಿತ್ತು.

"ಹಂಗಾರೆ ಬಿಳಿ ಚಂದ್ರ ಇದ್ದಿತ್."

"ನಿಮ್ಗ್ ಕಂಡದ್ ಬಿಳಿಯೇ ಅಣ್ಣಯ್ಯ. ಅಲ್ಲ್ ಯಾರ್ ಇದ್ದಿರೂ ಹಾಂಗೇ ಕಾಣ್ತಿದ್ದಿತ್."

"ಉದಯ ಕೂಗಿದ್ದೂ ನಿಜ."

"ನಿಜ."

ಅವನು ತನ್ನ ಎರಡೂ ಅಂಗೈಯನ್ನು ಮುಖದ ಮುಂದೆ ಹಿಡಿದು, ಮಗು ನೋಡುವ ಹಾಗೆ ನೋಡಿಕೊಂಡ. ಆಮೇಲೆ ಕೇಳಿದ, ದನಿ ಏರಿಸದೆ: "ಅಲ್ಲ ಹೆಣೆ, ಇದನ್ನ್ ಕಾಂಬುಕೆ ಒಂಬತ್ ತಿಂಗ್ಳ್ ಬೇಕಾಯ್ತಾ? ಆವತ್ತೇ ನನ್ ದೋಣಿ ಎಲ್ಲ್ ನಿಂತಿದ್ದಿತ್ ಅಂದೇಳಿ ನೀನ್ ಒಂದ್ ಸಲ ಬಂದ್ ಕಂಡಿರೆ ಸಾಕಿದ್ದಿತ್ ಅಲ್ದಾ?"

"ಸಾಕಿದ್ದಿತ್," ಎಂದಳು ಸುಗುಣ.

"ನಂದೇ ತಪ್ಪ್ ಅಂದ್ಕಂಡ್ ಬದ್ಕುಕೆ ಕಲ್ತಿದ್ದೆ. ನಿನ್ ಮೇಲೆ ಸಿಟ್ಟಿಲ್ಲೆ. ಆರೆ ಈಗ ನಿನ್ ಮುಖ ಕಾಂಬುಕ್ ಆತಿಲ್ಲೆ. ಸ್ವಲ್ಪ ದಿನ ಬಪ್ಪುದ್ ಬ್ಯಾಡ."

ಅವಳು ಅಂದೇ ಹೊರಟಳು. ಗುರುವಾರ ಮಂಡಳಿಗೆ ಬರಹದಲ್ಲಿ ಹೇಳಿಕೆ ಕೊಟ್ಟಳು: ಜುಲೈಯಲ್ಲಿ ತಾನು ಹೇಳಿದ್ದು ತಪ್ಪು, ಫಲಕ ತಪ್ಪು ತೋರಿಸಿದೆ, ಅದರ ಎಲೆಕ್ಟ್ರೋಡ್ ರೂಪಿಸಿದವಳು ತಾನು. ಹೊಸ ಸಾಫ್ಟ್‌ವೇರ್ ಹೋಗುವ ಮೊದಲೇ ಮಂಡಳಿಯವರು ಬಂದು ಗೋಪುರದ ಬುಡದಲ್ಲಿ ದೋಣಿ ನಿಲ್ಲಿಸಿ ನೋಡಿದರು. ಪತ್ರಿಕೆಗಳಲ್ಲಿ ಬಂತು. ಕಂಪನಿ ಅವಳನ್ನು ಆ ಕೆಲಸದಿಂದ ತೆಗೆಯಲಿಲ್ಲ. ಬಾಗಿದ ಸೀಳಿನ ನಕ್ಷೆ ಅವಳಿಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿರಲಿಲ್ಲ. ಆ ನಕ್ಷೆ ಮುಗಿಸಿ, ಫರ್ಹಾನಾಳ ಜೊತೆ ನೆಲದ ಮೇಲೆ ಮಲಗಿಯೂ ನೋಡಿ ಅಳತೆ ಮಾಡಿ, ಅವಳು ಕೆಲಸ ಬಿಟ್ಟಳು. ಹೊಸ ಫಲಕಗಳ ಪ್ರಕಾಶ ಐದನೇ ಒಂದು ಪಾಲು ಕಡಿಮೆ. ಕಾಣುವುದಿಲ್ಲ ಎಂದು ಯಾರೂ ದೂರು ಹೇಳಲಿಲ್ಲ.

ಏಪ್ರಿಲಿನಲ್ಲಿ ಶೀನನ ಪರವಾನಗಿ ಮರಳಿ ಬಂತು. ಅವನು ಅದನ್ನು ಓದಿ ಕಪಾಟಿನಲ್ಲಿಟ್ಟ. ಕಡಲಿಗೆ ಹೋಗಲಿಲ್ಲ. ಗಿರಿಜ ಫೋನ್ ಮಾಡಿ ಸುಗುಣಳಿಗೆ ತಿಳಿಸಿದಾಗ, "ಅದ್ರಗೆ ಉದಯನ ಹೆಸ್ರಿಲ್ಲ ಅಂದೇಳಿ ಇವ್ರ್ ಬೇಜಾರ್ ಮಾಡ್ಕಂತ್ರ್" ಎಂದಳು. ನಿಜ. ಸಂಕೇತ ಉಲ್ಲಂಘನೆಯಿಂದ ಸಾವು ಎಂಬ ಹಳೆಯ ಸಾಲು ಉದಯನ ಕಡತದಲ್ಲಿ ಹಾಗೇ ಇತ್ತು. ಸತ್ತವರ ಕಡತ ತಿದ್ದುವ ಪದ್ಧತಿ ಇಲ್ಲ ಎಂದರು ಮಂಡಳಿಯವರು. ಸುಗುಣ ಮೂರು ಸಲ ಬರೆದಳು, ಎರಡು ಸಲ ಹೋಗಿ ಕೂತಳು. ಮಳೆಗಾಲಕ್ಕೆ ಮುಂಚೆ ತಿದ್ದಿದ ಆದೇಶ ಬಂತು.

ಆಗ ಶೀನನೇ ಫೋನ್ ಮಾಡಿದ. "ಉದಯನ ಅಬ್ಬಿಗೆ ಓದಿ ಹೇಳ್ಕ್. ನೀನೂ ಬಾ."

ಉದಯನ ತಾಯಿ ದುಗ್ಗಮ್ಮನ ಮನೆ ಹೊಳೆಯ ಆಚೆ, ಕಂಚಿನಕೋಡಿಯಲ್ಲಿ. ಅಂಗಳದ ಚಾಪೆಯ ಮೇಲೆ ಮೀನು ಒಣಗುತ್ತಿತ್ತು. ಅವಳು ಕೋಲು ಹಿಡಿದು ಜಗಲಿಯಲ್ಲಿ ಕೂತಿದ್ದಳು. ಅಳಿಯನನ್ನೂ ಅವನ ತಂಗಿಯನ್ನೂ ನೋಡಿದಳು, ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಶೀನ ಮೆಟ್ಟಿಲ ಮೇಲೆ ಕೂತು ಕಾಗದ ಬಿಡಿಸಿ ಓದಿದ.

"ಮೃತ ಉದಯ ಮೊಗವೀರ ಇವರು ಸಂಕೇತವನ್ನು ಉಲ್ಲಂಘಿಸಿರುವುದಿಲ್ಲ. ಫಲಕವು ತಪ್ಪು ಸಂಕೇತ ತೋರಿಸಿದ ಕಾರಣ ಸಾವು ಸಂಭವಿಸಿರುತ್ತದೆ."

"ಹಾಂಗಂದ್ರೆ ಎಂತ?"

"ಉದಯ ತಪ್ಪ್ ಮಾಡ್ಲಿಲ್ಲ ಅಂದೇಳಿ."

"ಅದ್ ನಂಗ್ ಗೊತ್ತಿದ್ದದ್ದೇ," ಎಂದಳು ದುಗ್ಗಮ್ಮ. "ನೀನ್ ಮಾಡಿದ್ದೆ ಅಂದ್ಕಂಡಿದ್ದೆ. ನೀನೂ ಅಲ್ಲ ಅಂತ್ರಾ?"

"ಅಲ್ಲ ಅಂತ್ರ್."

"ಮತ್ ಯಾರ್?"

ಶೀನ ಬಾಯಿ ತೆರೆಯುವ ಮೊದಲೇ ಸುಗುಣ ಹೇಳಿದಳು. "ನಾನ್ ದುಗ್ಗಮ್ಮ. ಆ ಹಲಗೆ ಮಾಡಿದ್ ನಾನ್. ಮೇಲಿಂದ ಕಂಡೆ, ಎದ್ರಿಂದ ಕಂಡೆ. ದೋಣಿಯಗೆ ಕೂಕಂಡವ್ರಿಗೆ ಹ್ಯಾಂಗ್ ಕಾಂತ್ ಅಂದೇಳಿ ಕಾಣ್ಲಿಲ್ಲ."

ಮುದುಕಿ ಅವಳನ್ನು ಬಹಳ ಹೊತ್ತು ನೋಡಿದಳು. ಅಂಗಳಕ್ಕೆ ಎರಡು ಕಾಗೆ ಇಳಿದು ಮೀನು ಕಚ್ಚಿದವು, ಅವಳು ಕೋಲೆತ್ತಲಿಲ್ಲ.

"ಬೇರೆ ಕಡೆದ್ ಹಲಗೆ?"

"ಎಲ್ಲಾ ಬದ್ಲ್ ಮಾಡಿ ಆಯ್ತ್."

"ಹ್ಞೂಂ."

ಅವಳು ಶೀನನ ಕೈಯಿಂದ ಕಾಗದ ತೆಗೆದುಕೊಂಡು ಒಳಗೆ ಹೋದಳು. ಗೋಡೆಯ ಮೊಳೆಗೆ ಉದಯನ ನೀಲಿ ಅಂಗಿ ನೇತಾಡುತ್ತಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅದರ ಜೇಬಿನಲ್ಲಿಟ್ಟು, ಜೇಬಿನ ಮೇಲೆ ಒಂದು ಸಲ ಕೈಯಾಡಿಸಿದಳು. ಆಮೇಲೆ ಬಾಗಿಲಿಗೆ ಬಂದು, ಇಬ್ಬರ ಮುಖವನ್ನೂ ನೋಡದೆ ಹೇಳಿದಳು:

"ಇನ್ನ್ ನೀವ್ ಹೊರಡಿ. ನಾನೊಂದ್ ಗಳ್ಗಿ ಅಳ್ಕ್."